ಎರಡು ಮನೆ, ಒಂದು ಫೋನು



ಕಾಫಿ, ಅಡಿಕೆ ಬೆಳೆಗಾರರ ಈ ಪತ್ರಿಕೆಯಲ್ಲಿ ಕಲಬುರಗಿಯ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಸದಸ್ಯರೊಬ್ಬರ ತೋಟ ಸಕಲೇಶಪುರದ ಕಡೆ. ಅವರ ಮಗ ಇರುವುದು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ತಾಯಿಯ ಹತ್ತಿರ. ದಂಪತಿಗಳಿಗೆ ವಿಚ್ಛೇದನವಾಗಿ ನಾಲ್ಕು ವರ್ಷ. ರಜೆ ಬಂದರೆ ಹುಡುಗ ಸೊಲ್ಲಾಪುರ–ಹಾಸನ ರೈಲು ಹತ್ತಿ ತೋಟಕ್ಕೆ ಬರುತ್ತಾನೆ. ಹೆಸರು ಹೇಳದೆ ಬರೆಯಲು ಇಬ್ಬರೂ ಒಪ್ಪಿದ್ದಾರೆ.

ತಕರಾರು ಎದ್ದದ್ದು ಮೊಬೈಲ್ ಫೋನಿನಿಂದ. ಕೊಡಿಸಿದವರು ತಂದೆ, ಅಷ್ಟು ದೂರದ ಮಗನ ದನಿ ಕೇಳಲು ಅವರಿಗೆ ಬೇರೆ ದಾರಿ ಇರಲಿಲ್ಲ. ತಾಯಿಯ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಫೋನು ಅಡುಗೆಮನೆಯ ಗೂಡು ಸೇರಬೇಕು. ತೋಟದ ಮನೆಯಲ್ಲಿ ಯಾವ ನಿಯಮವೂ ಇಲ್ಲ. "ನನ್ನ ಹತ್ತಿರ ಇದ್ದಾಗ ಏನೂ ತೊಂದರೆ ಇಲ್ಲವಲ್ಲ" ಎಂದು ತಂದೆಯ ವಾದ. ಆದರೆ ಅಲ್ಲಿ ಮನೆಯೊಳಗೆ ಸಿಗ್ನಲ್ಲೇ ಸಿಗದು, ಮೇಲಿನ ಗುಡ್ಡ ಹತ್ತಬೇಕು. ತಾಯಿ ನಮಗೆ ಹೇಳಿದ್ದು: "ಅಲ್ಲಿ ಗುಡ್ಡಾನೇ ಕಾವಲು ಮಾಡ್ತದರಿ. ಇಲ್ಲಿ ನಾನೊಬ್ಬಾಕೀನೇ ಕಾಯಬೇಕು."

ಹುಡುಗನಿಗೆ ಹದಿನೈದು, ಹತ್ತನೆಯ ತರಗತಿ. "ಅಪ್ಪ ಬಿಡ್ತಾನ" ಎಂದು ಇಲ್ಲಿ, "ಅವ್ವ ಕಸಕೊಂಡಾಳ" ಎಂದು ಅಲ್ಲಿ ಹೇಳಿ ಇಬ್ಬರ ನಡುವೆ ನುಸುಳುವುದನ್ನು ಕಲಿತ. ಅಂಕಗಳು ಇಳಿದಾಗ ತಾಯಿ ಫೋನನ್ನು ಎಂಟು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಂದೆ ಕರೆ ಮಾಡಿದಾಗಲೆಲ್ಲ ಸ್ವಿಚ್ ಆಫ್. ಮಗನನ್ನೇ ದೂರ ಮಾಡುತ್ತಿದ್ದಾರೆಂದು ತಿಳಿದು ಅವರು ವಕೀಲರ ಬಳಿ ಹೋದರು.

ಕಾನೂನು ಏನು ಹೇಳುತ್ತದೆ? 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಂತೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿದೆ. ಮಗು ಯಾರ ಸುಪರ್ದಿಯಲ್ಲಿಲ್ಲವೋ ಆ ತಂದೆಗೆ ಅಥವಾ ತಾಯಿಗೆ ದಿನಕ್ಕೆ ಐದು–ಹತ್ತು ನಿಮಿಷ ಮಗುವಿನೊಡನೆ ಮಾತನಾಡುವ ಹಕ್ಕು ಇರಬೇಕು, ವಿಡಿಯೋ ಕರೆಯಾದರೆ ಉತ್ತಮ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ತಂದೆಯ ಕರೆ ಬೇರೆ, ನಡುರಾತ್ರಿಯ ಆಟ ಬೇರೆ. ಈ ಎರಡನ್ನೂ ಒಂದೇ ಬೀಗದಲ್ಲಿಟ್ಟದ್ದೇ ಇಲ್ಲಿ ಆದ ತಪ್ಪು.

ಹುಡುಗನ ಸೋದರಮಾವ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರು. ಒಂದು ಭಾನುವಾರ ಇಬ್ಬರನ್ನೂ ಅಲ್ಲಿಗೆ ಕರೆಸಿದರು. ಬಾಳೆ ನೋಡುವ ನೆವದಲ್ಲಿ ನಾವೂ ಹೋಗಿದ್ದೆವು. ಮೊದಲ ಒಂದು ಗಂಟೆ ಹಳೆಯ ಕಹಿಯೇ ಹೊರಬಿತ್ತು. ಆಮೇಲೆ ಮಾವ ಹುಡುಗನನ್ನೇ ಕೇಳಿದರು. "ಗೆಳೆಯರ ಮೆಸೇಜು ಯಾರೂ ಓದಬಾರದು. ಇಬ್ಬರೂ ಒಂದೇ ಮಾತು ಹೇಳಿದರೆ ಕೇಳ್ತೀನಿ" ಎಂದ.

ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಇಷ್ಟು:

1. ರಾತ್ರಿ ಎಂಟಕ್ಕೆ ತಂದೆಯೊಡನೆ ಹತ್ತು ನಿಮಿಷ ಮಾತು. ಯಾವ ಶಿಕ್ಷೆಗೂ ಇದು ನಿಲ್ಲಬಾರದು. ಫೋನು ಬೀರುವಿನಲ್ಲಿದ್ದರೆ ತಾಯಿಯ ಫೋನಿನಿಂದ.

2. ಮಲಗುವ ಕೋಣೆಗೆ ಫೋನು ಇಲ್ಲ, ಎರಡು ಮನೆಯಲ್ಲೂ.

3. ನಿಯಮ ಬದಲಿಸುವ ಮೊದಲು ಒಬ್ಬರು ಇನ್ನೊಬ್ಬರಿಗೆ ನೇರವಾಗಿ ತಿಳಿಸಬೇಕು. ಮಗನ ಕೈಲಿ ಹೇಳಿಕಳುಹಿಸಬಾರದು.

4. ಮೆಸೇಜು ಓದುವುದಿಲ್ಲ. ಹಣ ಕೇಳುವವರು, ಅಪರಿಚಿತರು ಬಂದರೆ ಹುಡುಗನೇ ಹೇಳಬೇಕು.

ಮೂವರೂ ಸಹಿ ಹಾಕಿದರು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಮಗೆ ಇದು ಹೊಸದಲ್ಲ. ಮೈಲುತುತ್ತ ಒಬ್ಬರು, ಸುಣ್ಣ ಒಬ್ಬರು ಬೇರೆ ಬೇರೆ ದಿನ ಸಿಂಪಡಿಸಿದರೆ ಗೊನೆ ಉಳಿಯುವುದಿಲ್ಲ. ಅಳತೆಯಲ್ಲಿ ಬೆರೆಸಿಯೇ ಹೊಡೆಯಬೇಕು.

ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಒಂಬತ್ತು ಗಂಟೆ ಬೇಗವಾಯಿತೆಂದು ತಂದೆ ಈಗಲೂ ಗೊಣಗುತ್ತಾರೆ. ಆದರೆ ಎಂಟಕ್ಕೆ ಗುಡ್ಡ ಹತ್ತಿ ನಿಲ್ಲುತ್ತಾರೆ, ಫೋನು ಬರುತ್ತದೆ. ಇಂಥ ತೊಡಕಿನಲ್ಲಿರುವ ಸದಸ್ಯರು ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಹೀಗೊಮ್ಮೆ ಕುಳಿತು ನೋಡಬೇಕೆಂದು ನಮ್ಮ ವಿನಂತಿ.