ಬೆರಳ ತುದಿಯ ಪುಸ್ತಕ

ಶಾಲೆಗೆ ಸೇರುವ ಮೊದಲೇ ಮಗುವೊಂದು ಎಷ್ಟು ಕಡೆ ಅಕ್ಷರಗಳನ್ನು ಕಾಣುತ್ತದೆ ಎಂಬುದನ್ನು ನಾವು ಎಂದಾದರೂ ಲೆಕ್ಕ ಹಾಕಿದ್ದೇವೆಯೇ? ಗೋಡೆಯ ಕ್ಯಾಲೆಂಡರು, ಬೆಂಕಿಪೊಟ್ಟಣ, ಬಸ್ಸಿನ ಫಲಕ, ಅಂಗಡಿಯ ಹೆಸರುಹಲಗೆ, ಹೀಗೆ ಎಲ್ಲೆಲ್ಲಿಯೂ ಅಕ್ಷರಗಳೇ. ಈ ಗೆರೆಗಳಿಗೆ ಏನೋ ಅರ್ಥವುಂಟೆಂಬ ತಿಳಿವಳಿಕೆ ಯಾರೂ ಕಲಿಸದೆಯೇ ಮಗುವಿನ ಮನಸ್ಸಿನಲ್ಲಿ ಮೂಡಿಬಿಡುತ್ತದೆ. ಹುಟ್ಟಿನಿಂದಲೇ ಕಣ್ಣು ಕಾಣದ ಮಗುವಿಗಾದರೋ ಈ ಪಾಠವೆಲ್ಲವೂ ತಪ್ಪಿಹೋಗುತ್ತದೆ. ಅದರ ಬೆರಳಿಗೆ ಕ್ಯಾಲೆಂಡರು ಬರಿಯ ನುಣುಪಾದ ಕಾಗದ. ಆದುದರಿಂದ ಅಂಧ ಮಗುವನ್ನು ಸಾಕುವ ಮನೆಯವರ ಮುಂದೆ ಒಂದು ಪ್ರಶ್ನೆ ಬಹು ಬೇಗ ಬಂದು ನಿಲ್ಲುತ್ತದೆ: ಈ ಮಗುವಿನ ಕೈಗೆ ಎಟಕುವ ಪುಸ್ತಕ ಎಲ್ಲಿದೆ?

ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ತಂದೆಯೊಬ್ಬನು ಎದುರಿಸಿದನು. ಪ್ಯಾರಿಸಿಗೆ ಸಮೀಪದ ಕೂಪ್ವ್ರೇ ಎಂಬ ಊರಿನಲ್ಲಿ ಕುದುರೆಯ ಜೀನುಗಳನ್ನು ಹೊಲಿಯುವುದು ಅವನ ಕಸುಬು. 1809ರಲ್ಲಿ ಹುಟ್ಟಿದ ಅವನ ಕಿರಿಯ ಮಗ ಲೂಯಿ ಬ್ರೈಲ್ ಮೂರನೆಯ ವಯಸ್ಸಿನಲ್ಲಿ ಚೂಪಾದ ಹತ್ಯಾರೊಂದರಿಂದ ಕಣ್ಣನ್ನು ಗಾಯಮಾಡಿಕೊಂಡನು. ನಂಜು ಮತ್ತೊಂದು ಕಣ್ಣಿಗೂ ಹರಡಿ ಅವನು ಪೂರ್ಣ ಅಂಧನಾದನು. ತಂದೆಯು ಹಲಗೆಯ ಮೇಲೆ ಅಕ್ಷರಗಳ ಆಕಾರಕ್ಕೆ ಮೊಳೆಗಳನ್ನು ಬಡಿದು ಮಗನಿಗೆ ಓದು ಕಲಿಸಿದನೆಂದು ಹೇಳುತ್ತಾರೆ. ಮುಂದೆ ಪ್ಯಾರಿಸಿನ ಅಂಧರ ಶಾಲೆಯಲ್ಲಿ ಲೂಯಿಗೆ ಸಿಕ್ಕಿದ್ದು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ಭಾರವಾದ ಪುಸ್ತಕಗಳು. ಒಂದೊಂದು ಅಕ್ಷರದ ಅಂಚನ್ನೂ ತಡವಿ ಅರಿಯಬೇಕಾಗಿದ್ದುದರಿಂದ ಓದು ಬಹಳ ನಿಧಾನ. ಬಾರ್ಬಿಯೇ ಎಂಬ ಸೇನಾಧಿಕಾರಿ 12 ಚುಕ್ಕೆಗಳ ಲಿಪಿಯೊಂದನ್ನು ರೂಪಿಸಿದ್ದನು. ಆದರೆ ಅದರ ಒಂದು ಚಿಹ್ನೆ ಬೆರಳ ತುದಿಯ ಅಳತೆಯನ್ನು ಮೀರುತ್ತಿತ್ತು. 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಲೂಯಿ ಅದನ್ನು ಆರು ಚುಕ್ಕೆಗಳಿಗೆ ಇಳಿಸಿದನು.

ಆರೇ ಏಕೆ? ಬೆರಳ ತುದಿಯ ಚರ್ಮವು ಸುಮಾರು 2 ಮಿಲಿಮೀಟರು ದೂರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯೆಂದು ಗುರುತಿಸಬಲ್ಲುದು. ಬ್ರೈಲ್ ಚುಕ್ಕೆಗಳ ನಡುವಣ ಅಂತರ ಸುಮಾರು 2.5 ಮಿಲಿಮೀಟರು. ಎರಡು ಕಂಬಸಾಲುಗಳಲ್ಲಿ ಮೂರು ಮೂರರಂತೆ ಜೋಡಿಸಿದ ಆರು ಚುಕ್ಕೆಗಳ ಕೋಶವು ಒಂದೇ ಸ್ಪರ್ಶಕ್ಕೆ ಪೂರ್ತಿಯಾಗಿ ದೊರೆಯುತ್ತದೆ. ಪ್ರತಿಯೊಂದು ಚುಕ್ಕೆಯೂ ಇರಬಹುದು, ಇಲ್ಲದಿರಬಹುದು. ಹೀಗೆ ಖಾಲಿ ಕೋಶವನ್ನು ಬಿಟ್ಟು 63 ಚಿಹ್ನೆಗಳಾಗುತ್ತವೆ.

ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕೆಗಳು ಸೇರಿದರೆ ಕನ್ನಡದಲ್ಲಿ ‘ಕ’, ಹಿಂದಿ, ತಮಿಳುಗಳಲ್ಲಿಯೂ ಅದೇ ‘ಕ’, ಇಂಗ್ಲಿಷಿನಲ್ಲಿ ‘ಕೆ’. ‘ಮರ’ ಎಂದು ಬರೆಯಲು ಎರಡು ಕೋಶ ಸಾಕು. ‘ಮಾರ’ ಎನ್ನಲು ‘ಮ’ದ ಬಳಿಕ ‘ಆ’ಕಾರದ ಕೋಶವೊಂದು ಸೇರಿ ಮೂರಾಗುತ್ತವೆ.

ಧ್ವನಿಮುದ್ರಿತ ಪುಸ್ತಕಗಳೂ ಮಾತನಾಡುವ ಫೋನುಗಳೂ ಇರುವ ಇಂದಿನ ಕಾಲದಲ್ಲಿ ಚುಕ್ಕೆಗಳ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ‘ವಿಶೇಷ’ ಎಂಬ ಪದವನ್ನು ಹತ್ತು ಬಾರಿ ಕೇಳಿದರೂ ಅದರಲ್ಲಿ ‘ಶ’ ಯಾವುದು, ‘ಷ’ ಯಾವುದು ಎಂಬುದು ಹೆಚ್ಚಿನವರ ಉಚ್ಚಾರಣೆಯಿಂದ ತಿಳಿಯದು, ಬೆರಳಿಗೆ ತಿಳಿಯುತ್ತದೆ. ಕೇಳುವುದು ಕಥೆಯನ್ನು ಕೊಡುತ್ತದೆ. ಓದು ಬರಹವನ್ನು ಕೊಡುವುದು ಅಕ್ಷರವೇ. ಚಿಕ್ಕಂದಿನಲ್ಲೇ ಅಂಧರಾದವರು ಬ್ರೈಲ್ ಓದುವಾಗ, ಕಣ್ಣಿದ್ದವರಲ್ಲಿ ನೋಟದ ಕೆಲಸ ಮಾಡುವ ಮಿದುಳಿನ ಹಿಂಭಾಗವು ಚಟುವಟಿಕೆ ತೋರುವುದೆಂದು 1996ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಂಡುಕೊಂಡಿತು. ಬಳಕೆಯಿಲ್ಲದೆ ಉಳಿಯಬಹುದಾಗಿದ್ದ ಆ ಭಾಗವನ್ನು ಎಳೆಯ ಮಿದುಳು ಬೆರಳಿನ ಸೇವೆಗೆ ತೊಡಗಿಸಿಕೊಂಡಿತ್ತು. ಕಾಲವಿರುವಾಗಲೇ ಪುಸ್ತಕ ಕೈಸೇರಬೇಕೆನ್ನುವುದು ಇದಕ್ಕಾಗಿಯೇ.

ಸಿದ್ಧತೆಯನ್ನು ಮನೆಯಲ್ಲಿಯೇ ಆರಂಭಿಸಬಹುದು. ಅವರೆಕಾಳು, ಹುಣಿಸೆಬೀಜ, ರಾಗಿಗಳನ್ನು ಮುಟ್ಟಿ ಬೇರ್ಪಡಿಸುವ ಆಟ ಬೆರಳನ್ನು ಪಳಗಿಸುತ್ತದೆ. ಆರು ಗುಳಿಗಳ ಮೊಟ್ಟೆಯ ತಟ್ಟೆಯೊಂದರಲ್ಲಿ ನಿಂಬೆಕಾಯಿಗಳನ್ನು ಇಟ್ಟರೆ ಅದೇ ದೊಡ್ಡ ಬ್ರೈಲ್ ಕೋಶ. ಕಥೆ ಹೇಳುವಾಗ ಕಥೆಯಲ್ಲಿ ಬರುವ ಚೊಂಬು, ಗರಿ, ಹಗ್ಗಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಒಂದೊಂದಾಗಿ ಕೈಗೆ ಕೊಟ್ಟರೆ, ಚಿತ್ರಗಳ ಬದಲಿಗೆ ವಸ್ತುಗಳೇ ಇರುವ ಪುಸ್ತಕವಾಯಿತು. ಹುಟ್ಟಿನಿಂದ ಐದು ವರ್ಷದವರೆಗಿನ ಅಂಧ ಮಕ್ಕಳ ಪಾಲನೆಯನ್ನು ಕುರಿತು ಸ್ಯಾಂಡಿ ನೀಮನ್ ಮತ್ತು ನಮಿತಾ ಜೇಕಬ್ ಅವರು ಬರೆದ ‘ಹೆಲ್ಪಿಂಗ್ ಚಿಲ್ಡ್ರನ್ ಹೂ ಆರ್ ಬ್ಲೈಂಡ್’ ಎಂಬ ಇಂಗ್ಲಿಷ್ ಕೈಪಿಡಿಯು ತಂದೆತಾಯಿಗಳಿಗೆ ಬಹಳ ಉಪಯುಕ್ತವಾದುದು.

ಇನ್ನು ಪುಸ್ತಕಗಳ ಮಾತು. ಬ್ರೈಲ್ ಪುಸ್ತಕ ದೊಡ್ಡದು. ದೊಡ್ಡ ಪುಟವೊಂದರಲ್ಲಿ ಸಾಲಿಗೆ 40ರಂತೆ 25 ಸಾಲುಗಳು ಹಿಡಿಸಿದರೂ 1,000 ಕೋಶಗಳು ಮಾತ್ರ. ಮುದ್ರಿತ ಕಾದಂಬರಿಯೊಂದು ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ಡೆಹರಾಡೂನಿನಲ್ಲಿ 1951ರಲ್ಲಿಯೇ ಕೇಂದ್ರ ಬ್ರೈಲ್ ಮುದ್ರಣಾಲಯವು ಸ್ಥಾಪಿತವಾಯಿತಾದರೂ, ಬಹುಕಾಲ ಈ ಗಾತ್ರ, ವೆಚ್ಚಗಳ ಜೊತೆಗೆ ಕೃತಿಸ್ವಾಮ್ಯದ ಕಾನೂನೂ ಅಡ್ಡಿಯಾಗಿತ್ತು. 2012ರ ತಿದ್ದುಪಡಿಯು ಓದಲಾರದವರಿಗಾಗಿ ಪುಸ್ತಕಗಳನ್ನು ಅವರಿಗೆ ಒದಗುವ ರೂಪಕ್ಕೆ ಪರಿವರ್ತಿಸಲು ಭಾರತದಲ್ಲಿ ದಾರಿಮಾಡಿತು. 2013ರ ಮರಾಕೆಶ್ ಒಪ್ಪಂದವು ಅಂತಹ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲು ಅವಕಾಶವಿತ್ತಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತವೇ. 2016ರಲ್ಲಿ ತೆರೆದ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರಜಾಲ ಗ್ರಂಥಾಲಯವು ಹಲವು ಭಾರತೀಯ ಭಾಷೆಗಳ ಪುಸ್ತಕಗಳನ್ನು ಅಂಧ ಸದಸ್ಯರಿಗೆ ಒದಗಿಸುತ್ತದೆ. ಪುಸ್ತಕ ಹುಡುಕುವವರು ಮೊದಲು ತಟ್ಟಬೇಕಾದ ಬಾಗಿಲು ಇದು.

ಆದರೂ ಪ್ರಕಟವಾಗುವ ಬರಹದಲ್ಲಿ ಅಂಧರಿಗೆ ಒದಗುವುದು ಶೇಕಡಾ 10ಕ್ಕಿಂತ ಕಡಮೆಯೆಂದು ವಿಶ್ವ ಅಂಧರ ಒಕ್ಕೂಟದ ಅಂದಾಜು. ಈ ಕೊರತೆಯನ್ನು ತುಂಬುವಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವುಂಟು. ಪುಟದ ಛಾಯಾಚಿತ್ರವನ್ನು ಕಂಪ್ಯೂಟರು ಅಕ್ಷರಗಳಾಗಿ ಬದಲಿಸುವಾಗ ಕನ್ನಡದ ಒತ್ತಕ್ಷರಗಳಲ್ಲಿ ತಪ್ಪುಗಳು ನುಸುಳುತ್ತವೆ. ಅವನ್ನು ಮೂಲದೊಡನೆ ಹೋಲಿಸಿ ತಿದ್ದಲು ಕನ್ನಡ ಬಲ್ಲ ಕಣ್ಣುಗಳು ಬೇಕು. ಹಾಗೆ ತಿದ್ದಿದ ಒಂದೇ ಪ್ರತಿಯು ಬ್ರೈಲ್ ಆಗಿಯೂ ಧ್ವನಿಯಾಗಿಯೂ ಮಾರ್ಪಡಬಲ್ಲುದು. ಕೂಪ್ವ್ರೇಯ ತಂದೆ ಒಂದು ಹಲಗೆಗೆ ಮೊಳೆ ಬಡಿದು ಒಬ್ಬ ಮಗನಿಗೆ ಓದು ಕಲಿಸಿದನು. ಇಂದು ಒಂದು ಸಂಜೆಯಲ್ಲಿ ತಿದ್ದಿದ ಹತ್ತು ಪುಟಗಳು ನಾಡಿನ ಯಾವ ಮೂಲೆಯ ಮಗುವಿನ ಬೆರಳನ್ನಾದರೂ ತಲಪಬಹುದು.