ಕಣ್ಣೀರಿಗೆ ದನಿ ಬಂದ ಕಾಲ

1927ರ ‘ದಿ ಜಾಝ್ ಸಿಂಗರ್’ ಅಮೆರಿಕದ ಪ್ರೇಕ್ಷಕರಿಗೆ ಹಾಡುವ ಚಿತ್ರದ ರುಚಿ ಹತ್ತಿಸಿದರೆ, ಮರುವರ್ಷ ವಾರ್ನರ್ ಬ್ರದರ್ಸ್ ಸಂಸ್ಥೆಯೇ ತಯಾರಿಸಿದ, ಲಾಯ್ಡ್ ಬೇಕನ್ ನಿರ್ದೇಶನದ ‘ದಿ ಸಿಂಗಿಂಗ್ ಫೂಲ್’ ಆ ಹಾಡಿಗೆ ಕಣ್ಣೀರನ್ನು ಬೆರೆಸಿತು.

ಭಾಗಶಃ ಮಾತ್ರ ಮಾತನಾಡುವ ಈ ಚಿತ್ರದ ಧ್ವನಿಗೆ ಆಧಾರವಾದದ್ದು ವೈಟಾಫೋನ್, ಅಂದರೆ ಚಿತ್ರಸುರುಳಿಯ ವೇಗಕ್ಕೆ ಹೊಂದಿಕೊಂಡು ತಿರುಗುವ 16 ಅಂಗುಲದ ಧ್ವನಿತಟ್ಟೆಗಳಿಂದ ಮಾತು, ಹಾಡುಗಳನ್ನು ಹೊಮ್ಮಿಸುವ ವ್ಯವಸ್ಥೆ.

ಪುಟ್ಟ ಮಗನನ್ನು ಕಳೆದುಕೊಂಡ ಗಾಯಕನಾಗಿ ಆಲ್ ಜಾಲ್ಸನ್, ಕಪ್ಪು ಜನರನ್ನು ಅಣಕಿಸುತ್ತಿದ್ದ ಅಂದಿನ ರಂಗಪದ್ಧತಿಯಂತೆ ಮುಖಕ್ಕೆ ಮಸಿ ಬಳಿದುಕೊಂಡು ವೇದಿಕೆಯೇರಿ, ಹಿಂದೆ ಆ ಮಗುವಿಗೆ ಹಾಡಿದ್ದ ‘ಸನ್ನಿ ಬಾಯ್’ ಗೀತೆಯನ್ನೇ ಮತ್ತೆ ಹಾಡುವಾಗ, ಲಾಲಿಯಂತಿದ್ದ ರಾಗ ಶೋಕಗೀತೆಯಾಗುತ್ತದೆ.

ಒಮ್ಮೆ ಸುಖದಲ್ಲಿ, ಮತ್ತೊಮ್ಮೆ ದುಃಖದಲ್ಲಿ ಒಂದೇ ಹಾಡನ್ನು ಕೇಳಿಸುವ ಈ ಪುನರಾವರ್ತನೆ ರಂಗಭೂಮಿಯಲ್ಲಿ ಮೊದಲೇ ಇದ್ದರೂ, ಬೆಳ್ಳಿತೆರೆಯ ಸಮೀಪದೃಶ್ಯ ಅದಕ್ಕೆ ಹೊಸ ಆಪ್ತತೆಯನ್ನು ಕೊಟ್ಟಿತು. ಭಾವಪ್ರಧಾನ ಸಂಗೀತಚಿತ್ರದ ನಿಜವಾದ ಬಲ ಅಡಗಿರುವುದು ಇಲ್ಲಿಯೇ.