ಮನೆಯ ಮೂಲೆಯ ಗುಪ್ತಸೇತುವೆ

ತುಂಗಭದ್ರೆಯು ಉಕ್ಕಿದೊಡನೆ ಕಂಪ್ಲಿಯ ಸೇತುವೆ ಮುಳುಗಿ, ಈ ದಡದವರು ಆ ದಡವನ್ನು ನೋಡುತ್ತ ನಿಲ್ಲುವ ದೃಶ್ಯವನ್ನು ಬಳ್ಳಾರಿ ಸೀಮೆಯಲ್ಲಿ ಅರಿಯದವರಾರು? ಅಂತರ್ಜಾಲದಲ್ಲಿಯೂ ಇಂತಹ ಮುಳುಗಡೆಯುಂಟು.

ಬಳಕೆದಾರನ ಸಂದೇಶವನ್ನು ಈರುಳ್ಳಿಯ ಪದರಗಳಂತೆ ಗೂಢಲಿಪಿಯಲ್ಲಿ ಹೊದಿಸಿ, ಸ್ವಯಂಸೇವಕರ ಮೂರು ಕಂಪ್ಯೂಟರುಗಳ ಮೂಲಕ ಸಾಗಿಸುವ ಟಾರ್ ಎಂಬ ಅನಾಮಿಕ ಜಾಲದ ವಿಳಾಸಪಟ್ಟಿ ಬಹಿರಂಗವಾಗಿರುವುದರಿಂದ, 2021ರ ಡಿಸೆಂಬರಿನಲ್ಲಿ ರಷ್ಯಾದಲ್ಲಿ ಆದಂತೆ, ಪ್ರಭುತ್ವವು ಅದನ್ನು ತಡೆಯಬಲ್ಲುದು. ಆ ಪಟ್ಟಿಗೆ ಸೇರದ ಪ್ರವೇಶದ್ವಾರವೇ ಬ್ರಿಡ್ಜ್.

ನಮ್ಮ ಸೀಮೆಯ ರೂಪನಗುಡಿಯಂತಹ ಹಳ್ಳಿಯ ಮನೆಯೊಂದರಲ್ಲಿಯೂ ಅದನ್ನು ಕಟ್ಟಬಹುದು. ಹಗಲಿರುಳು ಚಾಲನೆಯಲ್ಲಿರುವ ಹಳೆಯ ಕಂಪ್ಯೂಟರು, ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ ಕನಿಷ್ಠ 1 ಮೆಗಾಬಿಟ್ ವೇಗ, ರೌಟರಿನಲ್ಲಿ ತೆರೆದ ಪೋರ್ಟು, ಸಂಚಾರದ ಚಹರೆಯನ್ನೇ ಮರೆಮಾಚುವ ಒಬಿಎಫ್‌ಎಸ್4 ತಂತ್ರಾಂಶ, ಇವಿಷ್ಟೇ ಅದರ ಸಾಮಗ್ರಿ. ಆದರೆ ಅನೇಕ ಮನೆಗಳಿಗೆ ಒಂದೇ ಐಪಿ ವಿಳಾಸವನ್ನು ಹಂಚುವ ಸಂಪರ್ಕವಾದರೆ ಹೊರಗಿನವರು ಒಳಬರಲಾರರು. ಅಂತಹವರಿಗೆ ಬ್ರೌಸರಿನಲ್ಲಿಯೇ ನಡೆಯುವ, ಸ್ನೋಫ್ಲೇಕ್ ಎಂಬ ಟಾರ್‌ನ ಇನ್ನೊಂದು ಸಾಧನ ಲೇಸು.

ಅಪರಿಚಿತರ ಕೃತ್ಯಕ್ಕೆ ನಾವು ಹೊಣೆಯಾದೇವೆಂಬ ಶಂಕೆ ಸಹಜವೇ. ಬ್ರಿಡ್ಜ್ ಜಾಲದ ಹೊಸ್ತಿಲೇ ಹೊರತು ನಿರ್ಗಮನದ್ವಾರವಲ್ಲ. ಪಯಣಿಗನು ತಲಪಿದ ಜಾಲತಾಣಕ್ಕೆ ಕಾಣುವುದು ಕೊನೆಯ ಕಂಪ್ಯೂಟರಿನ ವಿಳಾಸ, ನಿಮ್ಮ ಮನೆಯದಲ್ಲ. ಅವನೆಲ್ಲಿಗೆ ಹೋದನೆಂಬುದು ನಿಮಗೂ ತಿಳಿಯದು.

ಅಂತರ್ಜಾಲವೇ ಸಂಪೂರ್ಣ ಕಡಿದುಹೋದಾಗ ಈ ಸೇತುವೆಯೂ ನಿರುಪಯುಕ್ತ. ಆದರೂ ದಾರಿಯೊಂದು ಮುಚ್ಚಿದಾಗ, ಮುಖವನ್ನೆಂದೂ ಕಾಣದ ದೂರದೇಶದ ಪಯಣಿಗನೊಬ್ಬನಿಗೆ ನಮ್ಮ ಹಿತ್ತಿಲ ಬಾಗಿಲನ್ನು ತೆರೆದಿಡುವುದು ಅರವಟ್ಟಿಗೆಯಿಟ್ಟ ನಾಡಿಗೆ ಹೊಸ ಧರ್ಮವೇನಲ್ಲ.